ತೂತಿನ ಫೋಟೊ

ಹೊಸಪೇಟೆಯ ರಾಯರು ಕಲ್ಲು ನೋಡಲು ಅಮೆರಿಕಕ್ಕೆ ಹೋದರು ಎಂದಾಗ ಊರಿನವರು ನಕ್ಕದ್ದರಲ್ಲಿ ತಪ್ಪಿಲ್ಲ. ಬಸ್ಸು ಹತ್ತಿದರೆ ಅರ್ಧ ಗಂಟೆಗೆ ಹಂಪಿ, ಕಲ್ಲಿಗೇನು ಬರವೇ? ಆದರೆ ಸಾಲ್ಟ್ ಲೇಕ್ ಸಿಟಿಯ ಮಗ ಹೊಸ ಕ್ಯಾಮೆರಾ ಕೊಡಿಸಿದ್ದ. ಕ್ಯಾಮೆರಾ ಕೊರಳಿಗೆ ಬಿದ್ದ ಮೇಲೆ ಮನುಷ್ಯ ಸುಮ್ಮನಿರುವುದುಂಟೇ? ನಾಲ್ಕು ಗಂಟೆ ಕಾರಿನಲ್ಲಿ ಕೂತು, ಯೂಟಾದ ಮೋವಾಬ್ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಇಳಿದರು.

ಉದ್ಯಾನ ಎಂದರೆ ಹುಲ್ಲುಹಾಸು, ಬೆಂಚು, ಕಡಲೆಕಾಯಿ ಎಂದುಕೊಂಡಿದ್ದ ರಾಯರಿಗೆ ಕಂಡದ್ದು ವರ್ಷಕ್ಕೆ 25 ಸೆಂಟಿಮೀಟರು ಮಳೆಯನ್ನೂ ಸರಿಯಾಗಿ ಕಾಣದ ಕೆಂಪು ಮರುಭೂಮಿ. ಅದರಲ್ಲಿ 2,000ಕ್ಕೂ ಹೆಚ್ಚು ಕಲ್ಲುಕಮಾನುಗಳು. ಕನಿಷ್ಠ ಮೂರು ಅಡಿ ತೂತಿದ್ದರೆ ಮಾತ್ರ ಕಮಾನೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಬ್ಯಾಂಕಿನಲ್ಲಿ ನೌಕರಿ ಪೂರ್ತಿ ಲೆಕ್ಕದ ತೂತು ಮುಚ್ಚಿದ್ದ ರಾಯರು ಬೆರಗಾದರು: ಇಲ್ಲಿ ತೂತಿಗೇ ಖಾತೆ ತೆರೆದಿದ್ದಾರೆ!

ತೂತು ಬಿದ್ದದ್ದು ಉಪ್ಪಿನಿಂದ. ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಮತ್ತೆ ಮತ್ತೆ ಆರಿ ದಪ್ಪ ಉಪ್ಪಿನ ಪದರ ಉಳಿಯಿತು. ಅದರ ಮೇಲೆ ಮರಳುಗಲ್ಲು ಪೇರಿತು. ಭಾರಕ್ಕೆ ಉಪ್ಪು ಅತ್ತಿತ್ತ ಸರಿದು ಉಬ್ಬಿತು. ಮೇಲಿನ ಕಲ್ಲು ಸೀಳಿ, ಬ್ರೆಡ್ಡಿನ ಹೋಳುಗಳಂತೆ ತೆಳು ಗೋಡೆಗಳು ಸಾಲುಗಟ್ಟಿ ನಿಂತವು. ಮಳೆನೀರು ಮರಳಿನ ಬೆಸುಗೆಯನ್ನು ಕರಗಿಸಿತು, ಬಿರುಕಿನಲ್ಲಿ ಹೆಪ್ಪುಗಟ್ಟಿದ ನೀರು ಚಕ್ಕೆ ಎಬ್ಬಿಸಿತು. ಕೆಲಸ ಇನ್ನೂ ಮುಗಿದಿಲ್ಲ. 306 ಅಡಿ ಅಗಲದ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ 60 ಅಡಿ ಉದ್ದದ ಚಪ್ಪಡಿ ಕಳಚಿ ಬಿತ್ತು. ಕೆಳಗೆ ದಣಿವಾರಿಸಿಕೊಳ್ಳುತ್ತಿದ್ದವರು ಚಟಚಟ ಸದ್ದು ಕೇಳಿ ಓಡಿ ಬಚಾವಾದರು. 2008ರ ಆಗಸ್ಟಿನ ಒಂದು ರಾತ್ರಿ ವಾಲ್ ಆರ್ಚ್ ಪೂರ್ತಿಯಾಗಿಯೇ ಕುಸಿಯಿತು. ಇದನ್ನು ಕೇಳಿದ ಮೇಲೆ ರಾಯರು ಪ್ರತಿ ಕಮಾನಿನ ಕೆಳಗೂ ಹೆಂಡತಿಯನ್ನೇ ಮೊದಲು ನಿಲ್ಲಿಸಿ ಫೋಟೊ ತೆಗೆದರು ಎಂಬುದು ಸೊಸೆಯ ಆರೋಪ.

‘ತ್ರೀ ಗಾಸಿಪ್ಸ್’ ಎಂಬ ಬಂಡೆಗಳ ಮುಂದೆ ಹೆಚ್ಚು ಹೊತ್ತು ಹೋಯಿತು. ಮೂವರು ತಲೆ ಕೂಡಿಸಿ ಯಾರದೋ ಮನೆಯ ವಿಷಯ ಆಡುತ್ತಿರುವಂತಿದೆ. ಹಂಪಿ ದಾರಿಯ ಅಕ್ಕ-ತಂಗಿ ಗುಡ್ಡ ರಾಯರಿಗೆ ನೆನಪಾಯಿತು. ಊರನ್ನು ಹೀಯಾಳಿಸಿದ ಸೋದರಿಯರು ಕಲ್ಲಾದರೆಂಬುದು ಅಲ್ಲಿನ ಕತೆ. “ನೋಡು, ಯಾವ ದೇಶಕ್ಕೆ ಹೋದರೂ ಮಾತು ಜಾಸ್ತಿಯಾದರೆ ಇದೇ ಗತಿ” ಎಂದರು. “ರೀ, ಕಟ್ಟೆ ಮೇಲೆ ಕೂತು ಹರಟೋ ಗಂಡಸರೂ ಕಲ್ಲಾಗಿದ್ದರೆ ಹೊಸಪೇಟೆಯಲ್ಲಿ ಓಡಾಡೋಕೆ ದಾರಿ ಇರ್ತಿರಲಿಲ್ಲ” ಎಂದರು ಮನೆಯವರು. ರಾಯರು ಲೆನ್ಸ್ ಒರೆಸತೊಡಗಿದರು.

ಮೂವರೂ ಚೌಕಟ್ಟಿಗೆ ಬರಲೆಂದು ಅವರು ಹಿಂದೆ ಹಿಂದೆ ಸರಿದಾಗ ಸೊಸೆ ಕಿರುಚಿದಳು: “ಮಾವ, ಮಣ್ಣು ತುಳೀಬೇಡಿ!” ಸುಟ್ಟ ರೊಟ್ಟಿಯಂತೆ ಕಪ್ಪಗೆ ಉಬ್ಬಿದ ಆ ಮಣ್ಣು ಜೀವಂತ. ನೀಲಿ-ಹಸಿರು ಪಾಚಿಯಂಥ ಸೂಕ್ಷ್ಮಜೀವಿಗಳು ಮರಳನ್ನು ಹೆಣೆದು ಹಿಡಿದಿರುತ್ತವೆ; ಒಂದು ಹೆಜ್ಜೆಯ ಗಾಯ ಮಾಯಲು ದಶಕಗಳೇ ಬೇಕು. ರಾಯರು ಒಂಟಿಕಾಲಲ್ಲಿ ನಿಂತರು. ಮಗ ತೆಗೆದ ಫೋಟೊಗಳಲ್ಲಿ ಎಲ್ಲರೂ ಮೆಚ್ಚಿದ್ದು ಇದನ್ನೇ.

ಸಂಜೆ ಡೆಲಿಕೇಟ್ ಆರ್ಚ್. ಯೂಟಾದ ವಾಹನಗಳ ನಂಬರ್ ಪ್ಲೇಟ್ ಮೇಲೂ ಇರುವ ಕಮಾನು ಅದು. ನೆರಳಿಲ್ಲದ ಬೋಳುಬಂಡೆಯ ಮೇಲೆ 480 ಅಡಿ ಏರಬೇಕು, ಹೋಗಿಬರಲು ಸುಮಾರು ಐದು ಕಿಲೋಮೀಟರು. ಏದುಸಿರಿನಲ್ಲಿ ತಲುಪಿದಾಗ ಅಲ್ಲಿ ರೇಷನ್ ಅಂಗಡಿಯ ಮುಂದಿನಂಥ ಸಾಲು. ಒಬ್ಬೊಬ್ಬರಾಗಿ ಕಮಾನಿನ ಕೆಳಗೆ ಕೈ ಚಾಚಿ ನಿಲ್ಲುವುದು, ನೆಗೆಯುವುದು. ಆಚೆ ಟ್ರೈಪಾಡ್ ಹೂಡಿದವರು ಗೊಣಗುವುದು. ಹೊತ್ತು ಇಳಿದು ಕಲ್ಲು ಕೆಂಡದಂತಾಯಿತು. ರಾಯರಿಗೆ ಬೇಕಿದ್ದದ್ದು ಬರೀ ತೂತು. ಯಾರಾದರೊಬ್ಬರು ಅದನ್ನು ತುಂಬುತ್ತಲೇ ಇದ್ದರು. ಕೊನೆಗೆ ಖಾಲಿಯಾದಾಗ ಸೂರ್ಯ ಮುಳುಗಿದ್ದ.

ಅಲ್ಲಿಗೆ ಹೋಗುವವರು ತಲೆಗೆ ಎರಡು ಲೀಟರ್ ನೀರು, ಇಳಿಯುವಾಗಿನ ಕತ್ತಲಿಗೆ ಟಾರ್ಚು ಒಯ್ಯಿರಿ. ಫೋಟೊ ತೆಗೆಸಿಕೊಂಡ ಮೇಲೆ ದಯವಿಟ್ಟು ಬೇಗ ಪಕ್ಕಕ್ಕೆ ಸರಿಯಿರಿ. ಹೊಸಪೇಟೆಯಿಂದ ಬಂದವರೊಬ್ಬರು ಹಿಂದೆ ಕಾಯುತ್ತಿರಬಹುದು.