ಸ್ವಲ್ಪವೇ ಸ್ವಲ್ಪ ಸಿಗಡಿ

ಕರಾವಳಿಯವರಾದ ನಮಗೆ ಒಂದು ಜಂಬವಿದೆ, ತೆಂಗಿನಕಾಯಿಯನ್ನು ಭೂಮಿಗೆ ತಂದವರೇ ನಾವು ಎಂಬ ಜಂಬ. ಘಟ್ಟದ ಮೇಲಿನವರ ಸಾರಿಗೆ ಕಾಯಿ ಸಾಲದು, ಬೆಂಗಳೂರಿನ ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆ ಜಾಸ್ತಿ, ಇನ್ನು ಉತ್ತರದವರ ಮಾತು ಎತ್ತಲೇಬೇಡಿ, ಅವರಿಗೆ ಕಾಯಿ ಎಂದರೆ ದೇವರ ಮುಂದೆ ಒಡೆಯುವ ವಸ್ತು. ಹೀಗೆ ಊರಿಗೆಲ್ಲ ಹೆಸರಿಡುತ್ತ ವಿಮಾನ ಹತ್ತುವ ನಾವು, ಇಳಿದ ಕೂಡಲೇ ಮಾಡುವ ಕೆಲಸವೇನು? ಮೊಬೈಲ್ ತೆಗೆದು ಹತ್ತಿರದ ಇಂಡಿಯನ್ ಹೋಟೆಲ್ ಹುಡುಕುವುದು. ಅಲ್ಲಿ ಕಾಯಿಯ ಸೋಂಕೂ ಇಲ್ಲದ ಪನೀರ್ ಬಟರ್ ಮಸಾಲ ತಿಂದು, ಊರಿಗೆ ಬಂದ ಮೇಲೆ ‘ಅಲ್ಲಿ ನಮ್ಮಂಥವರಿಗೆ ತಿನ್ನಲಿಕ್ಕೆ ಏನೂ ಇಲ್ಲ ಮಾರಾಯ್ರೆ’ ಎಂದು ಕೈ ಝಾಡಿಸುವುದು.

ನನ್ನ ಜೊತೆ ಫಿಲಿಪೀನ್ಸಿಗೆ ಬಂದ ರಾಯರು ಈ ಸಂಘದ ಆಜೀವ ಸದಸ್ಯರು. ಉಡುಪಿ ಕಡೆಯವರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಶುದ್ಧ ಸಸ್ಯಾಹಾರಿ. ಮೊಮ್ಮಗಳು ಅಲ್ಲಿ ವೈದ್ಯಕೀಯ ಓದುತ್ತಾಳೆಂದು ನೋಡಲು ಹೊರಟವರ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಅವಲಕ್ಕಿ, ಚಟ್ನಿಪುಡಿ, ಹಲಸಿನ ಹಪ್ಪಳ. ನಾನೋ, ಮೀನಿನ ವಾಸನೆ ಬಂದ ದಿಕ್ಕಿಗೆ ತನ್ನಿಂತಾನೇ ತಿರುಗುವವನು. ಈ ಜೋಡಿಯನ್ನು ಮೊಮ್ಮಗಳು ಲೆಗಾಸ್ಪಿಯ ಒಂದು ಕರಿಂದೆರಿಯಾಕ್ಕೆ ಕರೆದುಕೊಂಡು ಹೋದಳು.

ಲೆಗಾಸ್ಪಿ ಇರುವುದು ಲುಜಾನ್ ದ್ವೀಪದ ಆಗ್ನೇಯ ಬಾಲದಲ್ಲಿ, ಬಿಕೊಲ್ ಸೀಮೆಯಲ್ಲಿ. ನೆತ್ತಿಯ ಮೇಲೆ ಮಯೋನ್ ಅಗ್ನಿಪರ್ವತ, 2,462 ಮೀಟರ್ ಎತ್ತರ, ಕಾಂಪಾಸು ಹಿಡಿದು ಬರೆದಷ್ಟು ಚೊಕ್ಕ. ಆಗಾಗ ಬೆಂಕಿಯನ್ನೂ ಉಗುಳುತ್ತದೆ. ಉಳಿದ ಫಿಲಿಪೀನ್ಸಿನವರಿಗೆ ಅಷ್ಟಾಗಿ ಖಾರ ಆಗದು. ಹುಳಿ, ಉಪ್ಪು, ಸಿಹಿಯಲ್ಲೇ ಅವರ ಸಂಸಾರ ಸಾಗುತ್ತದೆ. ಬಿಕೊಲಿನವರು ಮಾತ್ರ ಎರಡು ಹಟ ಹಿಡಿದು ಕೂತಿದ್ದಾರೆ: ಎಲ್ಲದಕ್ಕೂ ತೆಂಗಿನ ಹಾಲು ಬೇಕು, ಎಲ್ಲದಕ್ಕೂ ಮೆಣಸು ಬೇಕು. ನಮ್ಮ ಜಂಬಕ್ಕೆ ಮೊದಲ ಪೆಟ್ಟು ಬಿದ್ದದ್ದು ಇಲ್ಲೇ. ತೆಂಗು ಬೆಳೆಯುವುದರಲ್ಲಿ ಇಂಡೊನೇಷ್ಯಾ, ಫಿಲಿಪೀನ್ಸ್ ಎರಡೂ ನಮಗಿಂತ ಮುಂದೆ ಎಂದು ಮೊಮ್ಮಗಳು ಹೇಳಿದಾಗ ರಾಯರು, ‘ಬೆಳೆಯಬಹುದು, ಅರೆಯಲಿಕ್ಕೆ ಬರಬೇಕಲ್ಲ’ ಎಂದರು.

ಕರಿಂದೆರಿಯಾ ಎಂದರೆ ದೊಡ್ಡ ಸಂಗತಿಯೇನಲ್ಲ. ರಸ್ತೆ ಬದಿಯಲ್ಲಿ ತಗಡಿನ ಮಾಡು, ನಾಲ್ಕು ಬೆಂಚು, ಎದುರಿಗೆ ಮುಚ್ಚಳ ಹಾಕಿದ ಪಾತ್ರೆಗಳ ಸಾಲು. ಮೆನು ಕಾರ್ಡಿನ ರಗಳೆ ಇಲ್ಲ. ಗಿರಾಕಿ ನೇರ ಹೋಗಿ ಒಂದೊಂದೇ ಮುಚ್ಚಳ ಎತ್ತಿ, ಬಗ್ಗಿ ನೋಡಿ, ಬೇಕಾದ್ದಕ್ಕೆ ಬೆರಳು ತೋರಿಸಿದರಾಯಿತು. ನಮ್ಮ ಮನೆಯಲ್ಲಿ ಹೀಗೆ ಮುಚ್ಚಳ ಎತ್ತಿದ್ದರೆ ಸೌಟಿನ ಪೆಟ್ಟು ಬೀಳುತ್ತಿತ್ತು. ಇಲ್ಲಿ ಎತ್ತದಿದ್ದರೇ ಒಡತಿಗೆ ಬೇಜಾರು. ಚಮಚ ಫೋರ್ಕುಗಳು ಬಿಸಿನೀರಿನ ಡಬ್ಬಿಯಲ್ಲಿ ಮುಳುಗಿ ನಿಂತಿರುತ್ತವೆ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಅನ್ನವನ್ನು ಅದರೊಳಗೆ ತಳ್ಳುವ ಫೋರ್ಕು, ಚಾಕುವಿಗೆ ಇಲ್ಲಿ ಉದ್ಯೋಗವಿಲ್ಲ. ಅನ್ನವನ್ನು ಬಟ್ಟಲಲ್ಲಿ ಒತ್ತಿ ತಟ್ಟೆಗೆ ಕವುಚಿ ಹಾಕುತ್ತಾರೆ. ಅಷ್ಟು ಅನ್ನ ಉಡುಪಿಯವರ ಪ್ರಕಾರ ಸಾರಿನ ಪರೀಕ್ಷೆಗೆ ಮಾತ್ರ ಸಾಕು.

ಒಡತಿಯನ್ನು ಎಲ್ಲರೂ ‘ಮನಾಯ್’ ಎಂದು ಕರೆಯುತ್ತಿದ್ದರು. ಆ ಕಡೆ ಅಕ್ಕನಿಗೆ ಹಾಗೆನ್ನುತ್ತಾರೆ. ಎಪ್ಪತ್ತು ದಾಟಿದ ರಾಯರೂ, ಐವತ್ತರ ಆಸುಪಾಸಿನ ಅವಳನ್ನು ‘ಮನಾಯ್’ ಎಂದೇ ಕರೆದು ಮೊದಲ ಪಾತ್ರೆಯ ಮುಚ್ಚಳ ಎತ್ತಿದರು. ಒಳಗೆ ಕಡುಹಸಿರು ಮುದ್ದೆ, ಮೇಲೆ ತೆಂಗಿನ ಎಣ್ಣೆ ತೇಲುತ್ತಿದೆ. ರಾಯರ ಮುಖ ಅರಳಿತು. ‘ಇದು ಕೆಸುವಿನ ಎಲೆ! ಪತ್ರೊಡೆಯ ಎಲೆ!’ ಬ್ಯಾಂಕಿನಲ್ಲಿ ಕಳೆದ ಫೈಲು ಸಿಕ್ಕಿದಾಗಲೂ ಅವರು ಅಷ್ಟು ಕೂಗಿರಲಿಕ್ಕಿಲ್ಲ.

ಹೌದು, ಅದೇ ಎಲೆ. ಲಾಯಿಂಗ್ ಅದರ ಹೆಸರು. ಕೆಸುವಿನ ಎಲೆಯನ್ನು ಒಣಗಿಸಿ, ಹರಿದು, ತೆಂಗಿನ ಹಾಲು, ಶುಂಠಿ, ಮೆಣಸು ಹಾಕಿ ಸಣ್ಣ ಉರಿಯಲ್ಲಿ ಹಾಲು ಬತ್ತುವ ತನಕ ಬೇಯಿಸುತ್ತಾರೆ. ಅದೇ ಎಲೆಯಲ್ಲಿ ಮೀನನ್ನೋ ಮಾಂಸವನ್ನೋ ಪೊಟ್ಟಣ ಕಟ್ಟಿ, ತೆಂಗಿನ ಗರಿಯಿಂದ ಬಿಗಿದು, ತೆಂಗಿನ ಹಾಲಲ್ಲೇ ಬೇಯಿಸಿದರೆ ಪಿನಂಗಾಟ್; ಅದಕ್ಕೆ ಹತ್ತಿರದ ಕಮಾಲಿಗ್ ಊರು ಹೆಸರುವಾಸಿ. ಕೆಸುವಿನ ಗುಣ ನಿಮಗೆ ಗೊತ್ತಲ್ಲ, ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಮಳೆಗಾಲದಲ್ಲಿ ನಮ್ಮವರು ಹಿಟ್ಟಿಗೆ ಹುಣಸೆಹುಳಿ ಬಿಟ್ಟು ಅದರ ಸೊಕ್ಕು ಮುರಿಯುತ್ತಾರೆ. ರಾಯರು ಈ ಜ್ಞಾನವನ್ನು ಮೊಮ್ಮಗಳ ಬಾಯಲ್ಲಿ ಮನಾಯ್‌ಗೆ ದಯಪಾಲಿಸಿದರು. ಅವಳು ನಕ್ಕು ಕೊಟ್ಟ ಉತ್ತರ ಇದು: ಒಲೆಯ ಮೇಲೆ ಇಟ್ಟ ಮೇಲೆ ಸೌಟು ಹಾಕಿ ಕಲಕಬಾರದು, ಕಲಕಿದರೆ ತುರಿಸುತ್ತದೆ, ನಿಮ್ಮ ಕಡೆ ಹುಳಿ ಬೇಕಾಗುವುದು ನಿಮಗೆ ತಾಳ್ಮೆ ಇಲ್ಲದ್ದಕ್ಕೆ. ರಾಯರಿಗೆ ಹೀಗೆ ಹೇಳುವ ಧೈರ್ಯ ಉಡುಪಿಯಲ್ಲಿ ಒಬ್ಬರಿಗೆ ಮಾತ್ರ ಇದೆ, ಅವರು ರಾಯರ ಹೆಂಡತಿ.

‘ಇದರಲ್ಲಿ ಮೀನು ಇದೆಯಾ?’ ರಾಯರು ಕೇಳಿದರು. ಇಲ್ಲ. ‘ಹಂದಿ?’ ಇಲ್ಲವೇ ಇಲ್ಲ. ‘ಬರೀ ಸೊಪ್ಪು?’ ಬರೀ ಸೊಪ್ಪು. ರಾಯರು ಚಮಚ ಎತ್ತಿದರು. ಆಗ ಮನಾಯ್ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದು ಸಾಸಿವೆಯ ದೂರದಲ್ಲಿ ಹಿಡಿದು ಏನೋ ಹೇಳಿದಳು. ಮೊಮ್ಮಗಳು ಅನುವಾದಿಸಿದಳು: ‘ಸ್ವಲ್ಪವೇ ಸ್ವಲ್ಪ ಸಿಗಡಿ ಇದೆಯಂತೆ ಅಜ್ಜ.’

ಚಮಚ ಗಾಳಿಯಲ್ಲೇ ನಿಂತಿತು.

ಆ ಸೀಮೆಯ ಸಸ್ಯಾಹಾರದ ಒಳಗುಟ್ಟು ಇದು. ತರಕಾರಿ ಕೇಳಿದರೆ ರಾಶಿ ರಾಶಿ ಸಿಗುತ್ತದೆ: ಹಾಗಲ, ಬದನೆ, ಬಾಳೆಹೂವು, ಹಲಸಿನ ಗುಜ್ಜೆ, ನುಗ್ಗೆಸೊಪ್ಪು. ನಮ್ಮ ಹಿತ್ತಲನ್ನೇ ಅಲ್ಲಿಗೆ ಸಾಗಿಸಿದ ಹಾಗೆ. ಆದರೆ ಸಣ್ಣ ಸಿಗಡಿಗೆ ಉಪ್ಪು ಬೆರೆಸಿ ಹುದುಗಿಸಿದ ಬಲಾವ್ ಎಂಬ ಗುಲಾಬಿ ಬಣ್ಣದ ಪಾಕವಿಲ್ಲದೆ ಅವರ ಒಲೆಯೇ ಉರಿಯದು. ಅದು ಅವರ ಲೆಕ್ಕದಲ್ಲಿ ಮೀನಲ್ಲ, ಮಾಂಸವಂತೂ ಅಲ್ಲ, ಉಪ್ಪಿನ ಜಾತಿ. ಸಾರಿಗೆ ಚಿಟಿಕೆ ಇಂಗು ಹಾಕಿದ್ದನ್ನು ನಾವು ಪದಾರ್ಥಗಳ ಪಟ್ಟಿಯಲ್ಲಿ ಹೇಳುತ್ತೇವೆಯೇ? ಮನಾಯ್‌ಗೂ ಹಾಗೆಯೇ. ಅವಳು ರಾಯರನ್ನು ಕರುಣೆಯಿಂದ ನೋಡಿ, ಕುಂಬಳಕಾಯಿ ಮತ್ತು ಅಲಸಂಡೆಯನ್ನು ಬಲಾವ್ ಇಲ್ಲದೆ ತೆಂಗಿನ ಹಾಲಲ್ಲಿ ಬೇಯಿಸಿ ಕೊಟ್ಟಳು. ರಾಯರು ಎರಡು ತುತ್ತು ಉಂಡು, ‘ಎಲ್ಲ ಸರಿ, ಉಪ್ಪೇ ಇಲ್ಲ’ ಎಂದರು. ಇರುವುದು ಹೇಗೆ? ಉಪ್ಪನ್ನು ಹೊರಗಿಡಿಸಿದವರು ಇವರೇ ಅಲ್ಲವೇ!

ನನಗೆ ಅಂಥ ತಾಪತ್ರಯವಿಲ್ಲ. ನಾನು ಲಾಯಿಂಗಿನ ಜೊತೆಗೆ ಬಿಕೊಲ್ ಎಕ್ಸ್‌ಪ್ರೆಸ್ಸನ್ನೂ ಹಾಕಿಸಿಕೊಂಡೆ. ಹಂದಿಮಾಂಸಕ್ಕೆ ಸರಿಸಮ ಮೆಣಸು, ಮೇಲೆ ತೆಂಗಿನ ಹಾಲು. ಇದರ ಹೆಸರಿನ ಕತೆ ಚೆನ್ನಾಗಿದೆ: ಈ ಹೆಸರು ಬಿಕೊಲಿನಲ್ಲಿ ಹುಟ್ಟಿದ್ದಲ್ಲ, 1970ರ ದಶಕದಲ್ಲಿ ಮನಿಲಾದ ಮಲಾಟೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಸೆಲಿ ಕಲಾವ್ ಎಂಬಾಕೆ ಮನಿಲಾದಿಂದ ಬಿಕೊಲಿಗೆ ಓಡುತ್ತಿದ್ದ ರೈಲಿನ ಹೆಸರನ್ನು ಪಲ್ಯಕ್ಕೆ ಇಟ್ಟರು ಎನ್ನುತ್ತಾರೆ. ಬಿಕೊಲಿನವರು ಅದಕ್ಕೂ ಮೊದಲಿನಿಂದಲೇ ಮೆಣಸು–ತೆಂಗಿನ ಹಾಲಿನ ಅಡುಗೆಯನ್ನು ಸದ್ದಿಲ್ಲದೆ ಉಣ್ಣುತ್ತಿದ್ದರು. ಖಾರವಾಗುತ್ತದೆಯೇ ಎಂದು ಮನಾಯ್ ಕೇಳಿದಳು. ‘ನಾವು ಬ್ಯಾಡಗಿ ಮೆಣಸಿನ ನಾಡಿನವರು’ ಎಂದು ನಾನು ಎದೆಯುಬ್ಬಿಸಿದೆ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಪುಣ್ಯ. ಅಲ್ಲಿನ ಲಬುಯೊ ಮೆಣಸು ಉಗುರಿನಷ್ಟು ಗಿಡ್ಡ, ನಮ್ಮ ಗಾಂಧಾರಿಯ ಖಾಸಾ ತಂಗಿ. ನನ್ನ ಕಣ್ಣೀರನ್ನು ರಾಯರು ಬಹಳ ಆಸ್ಥೆಯಿಂದ ಫೋಟೊ ತೆಗೆದುಕೊಂಡರು. ಅಷ್ಟಕ್ಕೂ ಮೆಣಸು ಯಾರಪ್ಪನ ಮನೆಯದು? ಅಮೆರಿಕ ಖಂಡದ್ದು. ನಮಗೆ ಗೋವೆಯ ಪೋರ್ಚುಗೀಸರ ಕೃಪೆ. ಅವರಿಗೆ ಅಕಪುಲ್ಕೊ–ಮನಿಲಾ ನಡುವೆ 1565ರಿಂದ 1815ರ ತನಕ ಓಡಾಡಿದ ಸ್ಪೇನಿನ ಹಡಗುಗಳ ಕೃಪೆ. ಹೊರಗಿಂದ ಬಂದದ್ದರ ಮೇಲೆ ಇಬ್ಬರದೂ ಒಂದೇ ಸಮನಾದ ಅಭಿಮಾನ.

ಊಟದ ನಡುವೆ ರಾಯರಿಗೆ ಇನ್ನೊಂದು ಭಾಗ್ಯ ಕಂಡಿತು. ಪಕ್ಕದ ಮೇಜಿಗೆ ಬೆಳ್ಳಗೆ, ದುಂಡಗೆ, ಹಬೆಯಲ್ಲಿ ಬೆಂದ ಅಕ್ಕಿಯ ಪುಟ್ಟ ಕಡುಬುಗಳು ಬಂದವು. ‘ಇಡ್ಲಿ!’ ಎಂದು ಅರ್ಧ ಎದ್ದೇ ಬಿಟ್ಟರು. ಅದರ ಹೆಸರು ಪುತೊ, ತುಸು ಸಿಹಿ. ಜೊತೆಗೆ ಬಟ್ಟಲಲ್ಲಿ ಗಾಢ ಕಂದು ಬಣ್ಣದ ಗೊಜ್ಜು. ‘ಸಾಂಬಾರು ಸ್ವಲ್ಪ ಕಪ್ಪಾಯಿತು, ಪರವಾಗಿಲ್ಲ, ಹೇಳು’ ಎಂದರು. ಮೊಮ್ಮಗಳು ನನ್ನ ಮುಖ ನೋಡಿದಳು, ನಾನು ಮಯೋನ್ ಪರ್ವತ ನೋಡಿದೆ. ಆ ಗೊಜ್ಜು ದಿನುಗುಆನ್, ಹಂದಿಯ ರಕ್ತದಲ್ಲಿ ಬೇಯಿಸಿದ್ದು. ಪುತೊಗೆ ಅದೇ ಜೋಡಿ ಎಂದು ದೇಶವೇ ಒಪ್ಪಿದೆ. ಪುತೊ ಮಾತ್ರ ತರಿಸಿಕೊಟ್ಟೆವು. ರಾಯರು ಕಿಸೆಯಿಂದ ಚಟ್ನಿಪುಡಿ ತೆಗೆದು ಅದ್ದಿ ತಿಂದರು, ಮನಾಯ್‌ಗೂ ಚಿಟಿಕೆ ಕೊಟ್ಟರು. ಅವಳು ನಾಲಿಗೆಗೆ ಹಚ್ಚಿ ನೋಡಿ, ಇದರಲ್ಲಿ ಸಿಗಡಿ ಎಷ್ಟು ಹಾಕುತ್ತೀರಿ ಎಂದು ಕೇಳಿದಳು.

ಮನಾಯ್‌ನ ಮಗ ಹಿಂದುಗಡೆ ಕಾಯಿ ತುರಿಯುತ್ತಿದ್ದ, ನಮ್ಮ ಹೆರೆಮಣೆಯಂಥದ್ದೇ ಮಣೆಯ ಮೇಲೆ ಕೂತು. ಎರಡನೇ ಹಾಲು ಮೊದಲು ಪಾತ್ರೆಗೆ, ಗಟ್ಟಿ ಹಾಲು ಕೊನೆಗೆ. ನಮ್ಮ ಪಾಯಸದ್ದೇ ಶಾಸ್ತ್ರ. ರಾಯರು ಬಹಳ ಹೊತ್ತು ನೋಡಿ, ‘ಅರೆಯಲಿಕ್ಕೆ ಬರುವುದಿಲ್ಲ, ಹಿಂಡಲಿಕ್ಕೆ ಬರುತ್ತದೆ’ ಎಂದು ಪಾಸು ಮಾಡಿದರು. ಅವರ ಬಾಯಿಂದ ಇಷ್ಟು ಬಂದದ್ದೇ ದೊಡ್ಡದು, ಸಾಲದ ಅರ್ಜಿಗೂ ಅವರು ಇಷ್ಟು ಸಲೀಸಾಗಿ ಸಹಿ ಹಾಕಿದವರಲ್ಲ.

ಕೊನೆಗೆ ಹಾಲೊ–ಹಾಲೊ. ಹತ್ತಿರದ ತಿವಿ ಊರಿನ ಪದ್ಧತಿಯದು: ಹೆರೆದ ಮಂಜುಗಡ್ಡೆ, ಹಾಲು, ಸಿಹಿ ಬಾಳೆಹಣ್ಣು, ಕಾಳು, ಒಂದು ತುಂಡು ಲೆಚೆ ಫ್ಲಾನ್, ಇಷ್ಟೆಲ್ಲದರ ಮೇಲೆ ತುರಿದ ಚೀಸ್. ಗಡ್‌ಬಡ್ ಐಸ್‌ಕ್ರೀಮಿನ ಊರಿನ ರಾಯರು ಚೀಸನ್ನು ನೋಡಿ ಮೂಗು ಮುರಿದು, ಒಂದು ಚಮಚ ತಿಂದು, ಆಮೇಲೆ ತಲೆ ಎತ್ತಲಿಲ್ಲ. ಲೆಚೆ ಫ್ಲಾನ್ ಯಾವುದರಿಂದ ಆಗುತ್ತದೆಂದು ಅವರು ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಉಡುಪಿಗೆ ವಿಡಿಯೊ ಕಾಲ್ ಹಾಕಿ ಗ್ಲಾಸನ್ನು ಹೆಂಡತಿಗೆ ತೋರಿಸಿದರು.

‘ಆ ಹಳದಿ ತುಂಡು ಎಂತದ್ದು? ಮೊಟ್ಟೆ ಉಂಟಾ ಅದರಲ್ಲಿ?’ ಅತ್ತಲಿಂದ ಪ್ರಶ್ನೆ ಬಂತು.

‘ಹಲೋ? ಹಲೋ? ಇಲ್ಲಿ ನೆಟ್‌ವರ್ಕ್ ಭಾರೀ ವೀಕು ಮಾರಾಯ್ತಿ’ ಎಂದು ರಾಯರು ಫೋನನ್ನು ಕಿಸೆಗಿಟ್ಟು, ಮನಾಯ್‌ಗೆ ಇನ್ನೊಂದು ಗ್ಲಾಸು ಎಂದು ಬೆರಳು ತೋರಿಸಿದರು.