ಬರದ ಊಟ

(ಏಪ್ರಿಲ್ 2024. ಯಾದಗಿರಿ ಸೀಮೆಯ ಒಂದು ಕಚೇರಿ. ಫ್ಯಾನು ನಿಂತಿದೆ, ಸಾಹೇಬರ ಮಾತು ನಿಂತಿಲ್ಲ.)

ಸಾಹೇಬರು: ರಾಜ್ಯದ 223 ತಾಲ್ಲೂಕು ಬರಪೀಡಿತ! ಅದಕ್ಕೇ ಬೇಸಿಗೆ ರಜೆಯಲ್ಲೂ ಶಾಲೆಯಲ್ಲಿ ಬಿಸಿಯೂಟ. ಮೊಮ್ಮಗನ್ನ ಕಳಿಸವ್ವ.

ಅಜ್ಜಿ: ಎಲ್ಲಿಂದ ಕಳಿಸ್ಲಿ ಸಾಹೇಬ್ರ? ಮಳಿ ಹೋತು, ಅವ್ವ-ಅಪ್ಪನ ಕೂಡ ಬೆಂಗಳೂರಿಗೆ ಗುಳೆ ಹೋಗ್ಯಾನ.

ಸಾಹೇಬರು: ಬರ ಇಲ್ಲಿದ್ದರೆ ಊಟವೂ ಇಲ್ಲೇ. ಹೇಳದೆ ಕೇಳದೆ ಬರ ಬಿಟ್ಟು ಹೋಗೋದಾ?

ಅಜ್ಜಿ: ಹೊಟ್ಟಿ ಇಲ್ಲೇ ಇಟ್ಟು ಹೋಗು ಅನ್ನಬೇಕಿತ್ತೇನ್ರಿ?

ಸಾಹೇಬರು: ರೇಷನ್ ಕಾರ್ಡು ದೇಶದಲ್ಲಿ ಎಲ್ಲಾದರೂ ನಡೀತದಲ್ಲ!

ಅಜ್ಜಿ: ಬೆರಳು ಒತ್ತಾಕ ಒಂದಿನ ಕೂಲಿ ಬಿಡಬೇಕ್ರಿ. ಕೂಲಿ ಬಿಟ್ರ ಮೇಸ್ತ್ರಿ ಬಿಡಿಸ್ತಾನ.

ಸಾಹೇಬರು: ಚಿಂತಿ ಬಿಡವ್ವ. ಹಾಜರಿ ಹಾಕಿದೀವಿ, ಹುಡುಗ ದಿನಾ ಉಣ್ತಿದಾನೆ.

ಅಜ್ಜಿ: ಯಾವ ಪಲ್ಯ ಬರದೀರ್ರಿ? ಅವಂಗ ಬದನಿಕಾಯಿ ಸೇರಂಗಿಲ್ಲ.