ಗುರಿ ಮುಟ್ಟಿದ ಗುಳಿಗೆ

ತಾಲ್ಲೂಕು ಮಟ್ಟದ ಪರಿಶೀಲನಾ ಸಭೆ. ಸಾಹೇಬರ ಮುಂದೆ ಗೋಡಂಬಿ, ಆಶಾ ಕಾರ್ಯಕರ್ತೆಯ ಮುಂದೆ ನಮೂನೆ.

ಸಾಹೇಬರು: ಏನಮ್ಮಾ, ರಕ್ತಹೀನತೆಗೆ ನಿಮ್ಮ ಗುರಿ ಏನು?

ಆಶಾ: ಬಸುರಿಯರಿಗೆ ರಕ್ತ ಹೆಚ್ಚಾಗ್ಬೇಕು ಸಾರ್.

ಸಾಹೇಬರು: ಅದು ಹಾರೈಕೆ. ಗುರಿಗೆ ಅಳತೆ ಬೇಕು. ಎಷ್ಟು, ಯಾರಿಗೆ, ಎಷ್ಟು ದಿನದೊಳಗೆ?

ಆಶಾ: ಹಾಗಾದ್ರೆ ಬರ್ಕೊಳ್ಳಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇರೋರೆಲ್ಲ ಹೆರಿಗೆ ಹೊತ್ತಿಗೆ 11 ದಾಟ್ಬೇಕು.

ಸಾಹೇಬರು: ಅಯ್ಯೋ, ದಾಟದಿದ್ರೆ ಮೇಲಿನೋರಿಗೆ ಉತ್ತರ ಕೊಡೋರ್ಯಾರು? ತಲಾ 180 ಕಬ್ಬಿಣಾಂಶದ ಮಾತ್ರೆ ವಿತರಣೆ ಅಂತ ಬರೀರಿ. ನೂರಕ್ಕೆ ನೂರು ಆಗುತ್ತೆ.

ಆಶಾ: ಹಂಚಿದ್ದಾಯ್ತು ಸಾರ್. ಹೊಟ್ಟೆ ತೊಳಸುತ್ತೆ ಅಂತ ಎಷ್ಟೋ ಜನ ಸೂರಿಗೆ ಸಿಕ್ಕಿಸಿದ್ದಾರೆ.

ಸಾಹೇಬರು: ನುಂಗೋ ಕಾಲಂ ನಮೂನೆಯಲ್ಲೇ ಇಲ್ವಲ್ಲ!

ಆಶಾ: ಟೀ ಜತೆ ನುಂಗಿದ್ರೆ ಮೈಗೆ ಹತ್ತಲ್ಲ ಅಂತ ಹೇಳೋಕೆ ಮನೆಮನೆ ಸುತ್ತಿದೀನಿ...

ಸಾಹೇಬರು: ಸುತ್ತಿದ್ದಕ್ಕೆ ಫೋಟೊ ಇದ್ಯಾ?

ರಕ್ತಹೀನತೆಯನ್ನು ವರ್ಷಕ್ಕೆ ಶೇಕಡಾ 3 ಅಂಶದಂತೆ ಇಳಿಸುವ ಗುರಿ ಹೊತ್ತು ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮ ಹೊರಟಿದ್ದು 2018ರಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ 53 ಇತ್ತು. 2019-21ರಲ್ಲಿ ಶೇ 57.